ನಾಲ್ಕು ಹೆಜ್ಜೆ ಕಡಿಮೆ

೧೨ ಜೂನ್ ೨೦೨೫, ಗುರುವಾರ. ಬೆಳಗ್ಗೆ ೬:೧೦

ಚಹಾ ಆಯಿತು. ವಾಕಿಂಗ್ ಆಯಿತು. ನಿನ್ನೆಯ ಪೇಪರನ್ನೇ ಮತ್ತೊಮ್ಮೆ ಓದಿದ್ದೂ ಆಯಿತು. ಇನ್ನೂ ಆರು ಹತ್ತು. ನಿವೃತ್ತಿಯಾಗಿ ಹನ್ನೆರಡನೆಯ ದಿನ. ಬೇಗ ಏಳುವ ಚಟ ಬಿಟ್ಟಿಲ್ಲ. ಎದ್ದು ಮಾಡುವುದೇನೆಂದು ಗೊತ್ತಿಲ್ಲ.

ಡೈರಿ ಬರೆಯುವ ಚಟವೂ ಬಿಟ್ಟಿಲ್ಲ. ಮೂವತ್ತೈದು ವರ್ಷ ಸರ್ವೇ ಇಲಾಖೆಯ ಮೋಜಣಿದಾರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ — ನಾಲ್ಕೂ ತಾಲೂಕಿನ ಹೊಲ ಅಳೆದವನು. ತಿಂಗಳಿಗೊಮ್ಮೆ ಸಂಚಾರ ಡೈರಿ ಒಪ್ಪಿಸಬೇಕಿತ್ತು. ಎಲ್ಲಿಗೆ ಹೋದೆ, ಯಾರ ಹೊಲ ಅಳೆದೆ, ಎಷ್ಟು ಕಲ್ಲು ನೆಟ್ಟೆ. ಒಂದು ಪ್ರತಿ ಕಚೇರಿಗೆ, ಒಂದು ನನಗೆ. ನನ್ನವೆಲ್ಲ ಟ್ರಂಕಿನಲ್ಲಿವೆ. ಈಗ ಬರೆಯುವುದನ್ನು ಓದುವ ಮೇಲಾಧಿಕಾರಿ ಇಲ್ಲ. ಹಾಗಾಗಿ ಖರೆ ಬರೆಯಬಹುದು.

ವಾಕಿಂಗಿನಲ್ಲಿ ಸಿಗುವ ಪೆನ್ಶನ್‌ದಾರರು ದಿನಕ್ಕೊಂದು ಬುದ್ಧಿ ಹೇಳುತ್ತಾರೆ. ಒಬ್ಬ ವಿಮೆ ಏಜೆಂಟ್ ಆಗು ಎಂದ. ಒಬ್ಬ ಮೊಬೈಲಿನಲ್ಲಿ ಶೇರು ವ್ಯಾಪಾರ ಮಾಡು ಎಂದ. ಇನ್ನೊಬ್ಬ, ಸುಮ್ಮನೆ ಕೂಡುವುದೇ ಆರೋಗ್ಯಕ್ಕೆ ಒಳ್ಳೆಯದು ಎಂದ. ಅವನಿಗೆ ಶುಗರ್, ಬಿಪಿ ಎರಡೂ ಇವೆ.

ವಿದ್ಯಾವತಿಯದೂ ಅದೇ ರಾಗ. "ಪೆನ್ಶನ್ ಬರತೈತಿ. ಕೈಕಾಲ ಗಟ್ಟಿ ಅದಾವ. ಇನ್ನೇನ ಬೇಕ್ರಿ ನಿಮಗ?"

ಬೇಕು. ಯಾರಾದರೂ ಕರೆಯಬೇಕು. ಜಗಳ ಹತ್ತಿದ ಬದುವಿನ ಮೇಲೆ ನಿಂತು "ಸಾಹೇಬ್ರ ಬರ್ರಿ, ನೀವು ಹೇಳಿದ್ದ ಖರೆ" ಅನ್ನಬೇಕು. ಪೆನ್ಶನ್ ಹೊಟ್ಟೆಗಾಯಿತು. ಈ ಬಾಯಿಗೇನು ಮಾಡಲಿ?


೧೬ ಜೂನ್, ಸೋಮವಾರ

ಬೋರ್ಡ್ ಬರೆಸಿ ಗೇಟಿಗೆ ಕಟ್ಟಿದೆ. "ಖಾಸಗಿ ಹೊಲ ಅಳತೆ. ಬೇಕಾದ ದಿನ, ಕರೆದಲ್ಲಿಗೆ." ಕೆಳಗೆ ಫೋನ್ ನಂಬರು. ಸರಕಾರಿ ಮೋಜಣಿಗೆ ಅರ್ಜಿ ಹಾಕುವ ಮುಂಚೆ ತಮ್ಮದು ಎಷ್ಟಿದೆ ಎಂದು ತಿಳಿಯಬೇಕಾದವರು ಬಹಳ. ಅಣ್ಣತಮ್ಮಂದಿರ ಪಾಲು, ಬಾವಿಗೆ ಜಾಗ, ತಂತಿ ಬೇಲಿ. ನನ್ನ ಕಾಗದಕ್ಕೆ ಕಚೇರಿಯಲ್ಲಿ ಬೆಲೆ ಇಲ್ಲ. ಮಾತಿಗೆ ಊರಲ್ಲಿ ಇದೆ.

ವಿದ್ಯಾವತಿ ಬೋರ್ಡ್ ನೋಡಿ, "ಸನ್ಮಾನ ಮಾಡಿ ಶಾಲ ಹೊದಿಸಿ ಮನಿಗೆ ಕಳಿಸ್ಯಾರ. ಮತ್ತ ಧೂಳಾಗ ಹೊಂಟ್ರಿ?" ಅಂದಳು. ಆ ಶಾಲಿನಲ್ಲೇ ಟೇಪು, ಗೂಟ, ಕೆಂಪು ಬಾವುಟ ಸುತ್ತಿ ಬೈಕಿಗೆ ಬಿಗಿದೆ. ಗಟ್ಟಿ ಶಾಲು. ಈಗ ಉಪಯೋಗಕ್ಕೆ ಬಂತು.

ಜೊತೆಗೆ ಇಬ್ರಾಹಿಂಸಾಬ. ಇಲಾಖೆಯಲ್ಲಿ ನನ್ನ ಅಳತೆ ಸರಪಳಿಯ ಇನ್ನೊಂದು ತುದಿ ಹಿಡಿದವನು. ನಾಲ್ಕು ವರ್ಷದ ಹಿಂದೆಯೇ ರಿಟೈರಾಗಿ ಈಗ ವಾರಕ್ಕೆ ನಾಲ್ಕು ಕಸುಬು ಮಾಡುತ್ತಾನೆ. ಸಂತೆಯ ದಿನ ಆಡಿನ ದಲಾಲಿ, ಮದುವೆ ಸೀಸನ್ನಿನಲ್ಲಿ ಅಡುಗೆಯವರ ಉಸ್ತುವಾರಿ, ನಡುವೆ ಲಿಂಬೆ ತೋಟದ ಕಾವಲು, ಶುಕ್ರವಾರ ರಜೆ. ಕೇಳಿದ ಕೂಡಲೇ ಬಂದ.

"ಸಾಹೇಬ್ರ, ನೌಕರಿ ಅಂದ್ರ ಎಮ್ಮಿ ಗೂಟಕ್ಕ ಕಟ್ಟಿದಂಗ. ರಿಟೈರ್ ಅಂದ್ರ ಹಗ್ಗ ಬಿಚ್ಚಿದಂಗ. ಎಲ್ಲಿ ಹಸರ ಐತಿ ಅಲ್ಲಿ ಮೇಯೂದು. ಇಷ್ಟ ದಿನ ನೀವು ಯಾಕ ಗೂಟದ ಮುಂದನ ನಿಂತಿದ್ರಿ?"

ಬಂದದ್ದರಲ್ಲಿ ಸಮಪಾಲು ಎಂದು ಮಾತಾಯಿತು. ನೌಕರಿಯಲ್ಲಿ ನಾನು ಸಾಹೇಬ, ಅವನು ಜವಾನ. ಈಗ ಪಾರ್ಟ್‌ನರ್. ಅವನಿಗಿಂತ ನನಗೇ ಹೆಚ್ಚು ಖುಷಿಯಾಯಿತು.


೨೪ ಜೂನ್, ಮಂಗಳವಾರ

ಎಂಟು ದಿನದಲ್ಲಿ ನಾಲ್ಕು ಕರೆ! ಝಳಕಿಯಲ್ಲಿ ಹೈವೇ ಪಕ್ಕದ ಜಾಗ, ಹೂವಿನ ಹಿಪ್ಪರಗಿಯಲ್ಲಿ ಅಕ್ಕತಂಗಿಯರ ಪಾಲು. ಮುದ್ದೇಬಿಹಾಳದವರು ಮುಂದಿನ ತಿಂಗಳಿಗೆ ಹೇಳಿಟ್ಟಿದ್ದಾರೆ. ದೊಡ್ಡ ಕೆಲಸ ಅಗರಖೇಡದ ಪರಪ್ಪನದು. ಭೀಮಾ ದಂಡೆಯ ಕಡೆ ಮೂವತ್ತೆರಡು ಎಕರೆ, ಮೂವರು ಅಣ್ಣತಮ್ಮಂದಿರು. ಬಾವಿ, ಪೈಪ್‌ಲೈನ್, ಗಿಡಮರ ಎಲ್ಲ ನೋಡಿ ಹಂಚಬೇಕು. ಮೂರು ವಾರದ ಕೆಲಸ. ಬೇಕಾದಾಗ ಬನ್ನಿ, ಬೇಡವಾದಾಗ ಬಿಡಿ ಎಂದಿದ್ದಾನೆ. ಹೀಗಿರಬೇಕು ಗಿರಾಕಿ.

ಹೋದಲ್ಲೆಲ್ಲ ಒಂದು ಮಾತು ಹೇಳುತ್ತೇನೆ: "ಈ ಸಿದ್ದಾರೂಢ ನೆಟ್ಟ ಕಲ್ಲು ಯಾರಪ್ಪನಿಂದಲೂ ತಪ್ಪು ಅನ್ನಿಸಿಕೊಂಡಿಲ್ಲ." ಜನ ಹೌದ್ರಿ ಹೌದ್ರಿ ಅನ್ನುತ್ತಾರೆ. ಇಬ್ರಾಹಿಂಸಾಬ ಮಾತ್ರ ಪ್ರತಿ ಸಲ ಕೆಮ್ಮುತ್ತಾನೆ. ಬೀಡಿ ಬಿಡು ಎಂದೆ.


೩ ಜುಲೈ, ಗುರುವಾರ. ಸಂಜೆ

ಸಿಂದಗಿಯ ಹೈಸ್ಕೂಲ್ ಮಾಸ್ತರ ಒಬ್ಬ ಬಂದಿದ್ದ. ಹೆಸರು ಅರುಣಕುಮಾರ. ಸ್ವಂತ ಊರು ಅಗರಖೇಡ. ಅವನ ತಂದೆ ರಾವಸಾಬನಿಗೆ ಸರಕಾರ ಗಾಯರಾಣದಲ್ಲಿ, ಅಂದರೆ ಊರ ಗೋಮಾಳದಲ್ಲಿ, ಎರಡು ಎಕರೆ ಕೊಟ್ಟಿತ್ತು. ಈ ಸಲ ಅದರಲ್ಲಿ ಲಿಂಬೆ ಹಚ್ಚಿದ್ದಾರೆ. ಇಪ್ಪತ್ತು ಅಡಿಗೊಂದು ಗಿಡದಂತೆ ಲೆಕ್ಕ ಹಾಕಿ ಇನ್ನೂರ ಎಂಟು ಸಸಿ ತಂದರಂತೆ. ಒಂದು ಸಾಲಿಗೆ ಜಾಗವೇ ಸಿಗಲಿಲ್ಲ.

"ಸಸಿ ಹದಿನಾರ ಉಳದಾವ್ರಿ, ಹೊಲ ಮುಗದೈತಿ. ನಮ್ಮಪ್ಪ ಮೊದಲಿನಿಂದಲೂ ಹೇಳತಿದ್ದ, ಹೊಲ ಕಡಿಮಿ ಐತಿ ಅಂತ. ಯಾರೂ ನಂಬಲಿಲ್ಲ. ಖರೆ ಹೇಳಬೇಕಂದ್ರ ನಾನೂ ನಂಬಿರಲಿಲ್ಲ."

"ಹದ್ದು ಹಾಕಿ ಕಲ್ಲು ನೆಟ್ಟವರು ಯಾರು?" ಎಂದು ಕೇಳಿದೆ.

"ನೀವರೀ. ತೊಂಬತ್ನಾಕರಾಗ."

ನೆನಪಿಲ್ಲ. ಸಾವಿರಾರು ಹೊಲ. ಆದರೆ ನಾನು ಅಳೆದದ್ದು ಕಡಿಮೆ ಬರಲು ಸಾಧ್ಯವೇ ಇಲ್ಲ. ಯಾರೋ ಕಲ್ಲು ಸರಿಸಿದ್ದಾರೆ. ಭಾನುವಾರ ಬರುತ್ತೇನೆ ಎಂದೆ.


೬ ಜುಲೈ, ಭಾನುವಾರ

ಅಗರಖೇಡ. ಮೂಲೆಯ ಕಲ್ಲಿನಿಂದ ಟೇಪು ಹಿಡಿದೆವು. ಪೂರ್ವಕ್ಕೆ ಮುನ್ನೂರ ಮೂವತ್ತು ಅಡಿ ಇರಬೇಕು, ಮುನ್ನೂರ ಇಪ್ಪತ್ತಕ್ಕೇ ಕಲ್ಲು. ದಕ್ಷಿಣಕ್ಕೆ ಇನ್ನೂರ ಅರವತ್ತನಾಲ್ಕು, ಇನ್ನೂರ ಐವತ್ತಾರಕ್ಕೇ ಕಲ್ಲು. ಎರಡು ಎಕರೆಯಲ್ಲಿ ಹತ್ತಿರ ಹತ್ತಿರ ಐದು ಗುಂಟೆ ಇಲ್ಲ. ಆ ಎರಡೂ ಕಡೆ ಹೊಂದಿದ ಹೊಲ ಯಾರದು? ನನ್ನ ಗಿರಾಕಿ ಪರಪ್ಪನದು.

ಪಿತ್ತ ನೆತ್ತಿಗೇರಿತು. ಅವನನ್ನು ಬದುವಿಗೇ ಕರೆಸಿದೆ. ಹತ್ತಿಪ್ಪತ್ತು ಜನ ಸೇರಿದ್ದರು. ಎಲ್ಲರ ಮುಂದೆ ಅಂದೆ: "ನಾ ನೆಟ್ಟ ಕಲ್ಲ ಕಿತ್ತು ಸರಿಸೀಯಲ್ಲಪಾ. ಮೂವತ್ತೆರಡು ಎಕರೆ ಸಾಲಲಿಲ್ಲೇನು? ಬಡವರ ಐದು ಗುಂಟೆ ಬೇಕಾತು?"

ಪರಪ್ಪನ ಮುಖ ಕೆಂಡವಾಯಿತು. "ಕಲ್ಲ ಮುಟ್ಟಿದ್ರ ನನ್ನ ಕೈ ಸೇದಿ ಹೋಗಲಿ. ಸಾಹೇಬ್ರ, ವಯಸ್ಸಿಗೆ ಮರ್ಯಾದಿ ಕೊಟ್ಟು ಸುಮ್ಮನ ಅದೇನಿ."

ನಾನು ಸುಮ್ಮನಾಗಲಿಲ್ಲ. ಇನ್ನೂ ನಾಲ್ಕು ಮಾತು ಹೆಚ್ಚೇ ಅಂದೆ. ಗಿರಾಕಿ ಹೋದರೆ ಹೋಗಲಿ, ನ್ಯಾಯ ನ್ಯಾಯವೇ ಎಂದು ಎದೆ ಉಬ್ಬಿತ್ತು.

ಬೇವಿನ ನೆರಳಲ್ಲಿ ರಾವಸಾಬ ಕೂತಿದ್ದ. ಎಂಬತ್ತರ ಹತ್ತಿರ. ಮೊಣಕಾಲು ಬಾತಿವೆ. ನನ್ನನ್ನೇ ನೋಡುತ್ತಿದ್ದ. ಅವನ ಹೆಂಡತಿ ಯಲ್ಲವ್ವ ಚಹಾ ತಂದಳು. ಕುಡಿದೆ.


೮ ಜುಲೈ, ಮಂಗಳವಾರ

ಇಬ್ರಾಹಿಂಸಾಬ ಎರಡು ದಿನದಿಂದ ಗುಮ್ಮನಂತಿದ್ದ. ಇವತ್ತು ಬಾಯಿಬಿಟ್ಟ.

"ಸಾಹೇಬ್ರ, ಪರಪ್ಪಗ ಬೈಯೂ ಮುಂಚೆ ಇದ್ದಲಿ ನೋಡಬೇಕಿತ್ತು."

ತಲೆಗೆ ಹೊಡೆದಂತಾಯಿತು. ಕಲ್ಲು ನೆಡುವಾಗ ತಗ್ಗಿನ ತಳಕ್ಕೆ ಒಂದು ಬೊಗಸೆ ಇದ್ದಿಲು, ಒಡೆದ ಬಳೆ ಚೂರು ಹಾಕುವುದು ನಮ್ಮ ಪದ್ಧತಿ. ಕಲ್ಲು ಕಿತ್ತು ಒಯ್ಯಬಹುದು. ಇದ್ದಿಲನ್ನು ಯಾರೂ ಒಯ್ಯುವುದಿಲ್ಲ, ಅದು ಮಣ್ಣಲ್ಲಿ ಕೊಳೆಯುವುದೂ ಇಲ್ಲ. ಈ ಪದ್ಧತಿಯನ್ನು ನೂರು ಹುಡುಗರಿಗೆ ಕಲಿಸಿದವನು ನಾನು. ಸಿಟ್ಟಿನಲ್ಲಿ ನಾನೇ ಮರೆತೆ.

ನಾಳೆ ಅಗೆಯುವುದು.


೯ ಜುಲೈ, ಬುಧವಾರ. ೧೦:೩೦

ಅಗೆದೆವು. ಅರುಣಕುಮಾರ ಶಾಲೆಗೆ ರಜೆ ಹಾಕಿ ಬಂದಿದ್ದ. ಪೂರ್ವದ ಕಲ್ಲಿನ ಕೆಳಗೆ — ಇದ್ದಿಲು. ಹಸಿರು ಬಳೆ ಚೂರು. ದಕ್ಷಿಣದ್ದರ ಕೆಳಗೂ ಇದ್ದಿಲು. ನಾಲ್ಕನೆಯ ಮೂಲೆಯಲ್ಲೂ.

ಯಾವ ಕಲ್ಲೂ ಸರಿದಿಲ್ಲ. ಪರಪ್ಪ ಮುಟ್ಟಿಲ್ಲ. ನಾನು ನೆಟ್ಟಲ್ಲೇ ಇವೆ.

ಹಾಗಾದರೆ?


ಅದೇ ದಿನ. ಮಧ್ಯಾಹ್ನ ೩:೦೦

ಲೆಕ್ಕ ಹಾಕಿದೆ. ಸರಪಳಿ ಅಂದರೆ ಮೂವತ್ತಮೂರು ಅಡಿ. ಪೂರ್ವಕ್ಕೆ ಹತ್ತು ಸರಪಳಿ: ಹತ್ತು ಅಡಿ ಕಡಿಮೆ. ದಕ್ಷಿಣಕ್ಕೆ ಎಂಟು ಸರಪಳಿ: ಎಂಟು ಅಡಿ ಕಡಿಮೆ. ಸರಪಳಿಗೆ ಒಂದು ಅಡಿ. ಕಳ್ಳ ಇಷ್ಟು ಲೆಕ್ಕ ಇಟ್ಟು ಕದಿಯುವುದಿಲ್ಲ.

ಟ್ರಂಕು ತೆಗೆದೆ. ೧೯೯೪ರ ಡೈರಿ. ನನ್ನದೇ ಅಕ್ಷರ, ಗುಂಡಗೆ, ಅಚ್ಚುಕಟ್ಟು. ಇದ್ದದ್ದು ಇದ್ದ ಹಾಗೆ ಇಲ್ಲಿ ಇಳಿಸುತ್ತೇನೆ:

"೮-೨-೯೪. ಸಿಂದಗಿ. ಸರಪಳಿಯ ಕೊಂಡಿ ಮುರಿದದ್ದು. ಕಮ್ಮಾರ ಮಾನಪ್ಪನ ಕಡೆ ದುರಸ್ತಿ."

"೧೦-೨-೯೪. ಅಗರಖೇಡ. ಮಂಜೂರಿ ಜಮೀನು ೨ ಎಕರೆ ಅಳತೆ ಮಾಡಿ ಹದ್ದು ತೋರಿಸಲಾಯಿತು. ಅರ್ಜಿದಾರನು ಹೆಜ್ಜೆ ಲೆಕ್ಕ ಹೇಳಿ ತಕರಾರು ಮಾಡಿದನು. ತಿಳಿಹೇಳಿ ಕಳಿಸಲಾಯಿತು."

"೧೯-೨-೯೪. ಹೊಸ ಸರಪಳಿ ಪಡೆದದ್ದು."

ಮಾನಪ್ಪ ಮುರಿದ ಒಂದಡಿ ಕೊಂಡಿಯನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಜೋಡಿಸಿ ಕೊಟ್ಟಿದ್ದಾನೆ. ಅವನದೇನು ತಪ್ಪು? ಬಾವಿಯ ಸರಪಳಿಯನ್ನು ಅವನು ಹಾಗೆಯೇ ಜೋಡಿಸುತ್ತಾನೆ. ದುರಸ್ತಿಯಾದ ಸರಪಳಿಯನ್ನು ಅಳತೆಗೆ ಒಯ್ಯುವ ಮುಂಚೆ, ಮೂವತ್ತಮೂರು ಅಡಿ ಅಂತರಕ್ಕೆ ನೆಟ್ಟ ಎರಡು ಕಲ್ಲುಗಳ ನಡುವೆ ಎಳೆದು ನೋಡಬೇಕು. ಐದು ನಿಮಿಷದ ಕೆಲಸ. ನೋಡಲಿಲ್ಲ. ಇಂಡಿಯ ಬಸ್ಸು ಹೊರಟಿತ್ತು. ಓಡಿ ಹತ್ತಿದ್ದು ಈಗ ನೆನಪಾಗುತ್ತಿದೆ.

ಇನ್ನೊಂದೂ ನೆನಪಾಯಿತು. ಬೇಡವೆಂದರೂ ಪೂರ್ತಿ. ರಾವಸಾಬ ಆಗ ರಸ್ತೆ ಗ್ಯಾಂಗಿನಲ್ಲಿ ಕೂಲಿ. ಕಟ್ಟುಮಸ್ತಾದ ಆಳು. ಕಲ್ಲು ನೆಟ್ಟ ಮೇಲೆ ಮೂಲೆಯಿಂದ ಮೂಲೆಗೆ ನಡೆದು ಬಂದು ಕೈ ಮುಗಿದ. "ಸಾಹೇಬ್ರ, ಮುನ್ನೂರ ಮೂವತ್ತು ಅಡಿ ಅಂದ್ರ ನೂರಾ ಮೂವತ್ತೆರಡು ಹೆಜ್ಜಿ ಬರಬೇಕ್ರಿ. ನಾಕ ಹೆಜ್ಜಿ ಕಡಿಮಿ ಬರಾಕತ್ತೇತಿ."

ನಾನು ಏನೆಂದೆ?

"ನಿನ್ನ ಕಾಲು ಸರಕಾರಿ ಸರಪಳಿಗಿಂತ ಶಾಣ್ಯಾ ಏನಲೇ?"

ಊರು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಯಲ್ಲವ್ವ ತಂಬಿಗೆಯಲ್ಲಿ ನೀರು ತಂದಿದ್ದಳು. ಬೇಡ ಎಂದು, ಪರಪ್ಪನ ಅಪ್ಪನ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿದೆ. "ತಿಳಿಹೇಳಿ ಕಳಿಸಲಾಯಿತು." ಈ ಎರಡು ಪದ ಬರೆದ ಕೈ ಇದೇ. ನಾಚಿಕೆಯಿಂದ ಸತ್ತುಹೋದಂತಾಗಿದೆ.


೧೫ ಜುಲೈ, ಮಂಗಳವಾರ

ಆರು ದಿನ ಬರೆಯಲಿಲ್ಲ. ಝಳಕಿಗೂ ಹೋಗಲಿಲ್ಲ. ಜ್ವರ ಎಂದು ಸುಳ್ಳು ಹೇಳಿದೆ.

ಇವತ್ತು ಮೊದಲು ಪರಪ್ಪನ ಮನೆಗೆ ಹೋದೆ. ಕ್ಷಮೆ ಕೇಳುವುದು ಅಲ್ಲಿಂದಲೇ ಶುರುವಾಗಬೇಕಿತ್ತು. ಇದ್ದಿಲು, ಕೊಂಡಿ, ಡೈರಿ ಎಲ್ಲ ಹೇಳಿದೆ. ಕಳ್ಳ ಅಂದದ್ದು ನನ್ನ ತಪ್ಪು ಎಂದೆ. ಅವನು ದೊಡ್ಡ ಮನಸ್ಸಿನವನು, ಮುಗೀತು ಬಿಡ್ರಿ ಎಂದ. ಚಹಾ ತರಿಸಿದ. ಆಮೇಲೆ ದನಿ ತಗ್ಗಿಸಿದ.

"ಮೂವತ್ತೊಂದು ವರ್ಷ ಆತು ಸಾಹೇಬ್ರ. ಬಿಟ್ಟ ಜಾಗ ನಮ್ಮಪ್ಪ ಉತ್ತ, ನಾ ಉತ್ತೆ. ನೀವೂ ಕದ್ದಿಲ್ಲ, ನಾವೂ ಕದ್ದಿಲ್ಲ. ನೀವು ಬಾಯಿ ಬಿಟ್ರ ಮೊದಲ ಹೋಗೂದು ನಿಮ್ಮ ಹೆಸರು. ಸರಪಳಿ ತಪ್ಪಿದ ಮೋಜಣಿದಾರನ್ನ ನಾಳಿಗೆ ಯಾರ ಕರೀತಾರ? ಸೋಮವಾರದಿಂದ ನಮ್ಮ ಪಾಲಿನ ಕೆಲಸ ಹಿಡಿರಿ. ಮುಂದ ನಮ್ಮ ಬೀಗರದೂ ಐತಿ, ಬಾಗೇವಾಡಿ ಕಡೆ. ವರ್ಷ ತುಂಬ ಕೈ ತುಂಬ ಕೆಲಸ."

ಗದರಿಸಿ ಹೇಳಿದ್ದರೆ ಎದ್ದು ಬರುತ್ತಿದ್ದೆ. ಪ್ರೀತಿಯಿಂದ ಹೇಳಿದ. ಚಹಾ ಪೂರ್ತಿ ಕುಡಿದು ಬಂದೆ. ಆಗಲಿ ಅನ್ನಲಿಲ್ಲ. ಆಗದು ಅಂತಲೂ ಅನ್ನಲಿಲ್ಲ.


೧೮ ಜುಲೈ, ಶುಕ್ರವಾರ

ವಿದ್ಯಾವತಿಗೆ ಹೇಳಿದೆ. ಸಿಟ್ಟಾದಳು. "ಯಾರ ಕೇಳ್ಯಾರ ನಿಮ್ಮನ್ನ? ಆ ಮಾಸ್ತರಗ ಅಳತಿ ತಿಳೀಲಿಲ್ಲ ಅಂತ ಹೇಳಿ ಬಿಟ್ಟಬಿಡ್ರಿ. ಈ ವಯಸ್ಸಿನಾಗ ಊರಾಗ ತಲಿ ತಗ್ಗಿಸಿ ಅಡ್ಡಾಡ್ತೀರೇನು?"

ವಾಕಿಂಗಿನವನಿಗೂ ಹೆಸರು ಹೇಳದೆ ಕೇಳಿ ನೋಡಿದೆ. ಹಾಗೇನಾದರೂ ಬರೆದುಕೊಟ್ಟರೆ ಪೆನ್ಶನ್ನೇ ಹಿಡಿಯುತ್ತಾರೆ ಎಂದು ಹೆದರಿಸಿದ. ಶುಗರಿನವನೇ.

ಯಾಕೆ ಹೆದರಬೇಕು? ಮೂವತ್ತೈದು ವರ್ಷ ಅವರಿವರ ಜಗಳಕ್ಕೆ ನಡುವೆ ನಿಂತು "ಇಲ್ಲಿಂದ ನಿನ್ನದಲ್ಲ" ಎಂದು ಹೇಳಿದೆ. ಕೊಡಲಿ ಹಿಡಿದವರಿಗೂ ಹೇಳಿದೆ. ಅದನ್ನೇ ನನಗೆ ಹೇಳಿಕೊಳ್ಳಲು ನಾಲಿಗೆ ಏಳುತ್ತಿಲ್ಲವೆಂದರೆ, ಗೇಟಿನ ಬೋರ್ಡ್ ಕಿತ್ತು ಒಲೆಗೆ ಹಾಕಬೇಕು.

ಪರಪ್ಪನಿಗೆ ಫೋನ್ ಮಾಡಿದೆ. ಸೋಮವಾರ ನಿಮ್ಮಲ್ಲಿಗಲ್ಲ, ರಾವಸಾಬನ ಮನೆಗೆ ಬರುತ್ತೇನೆ ಎಂದೆ. ಅವನು ಫೋನ್ ಇಟ್ಟ.


೨೧ ಜುಲೈ, ಸೋಮವಾರ

ಹೇಳಿದೆ.

ಸಣ್ಣ ಮನೆ. ಗೋಡೆಗೆ ಬಾಬಾಸಾಹೇಬರ ಫೋಟೊ, ಬುದ್ಧನದು, ಅರುಣಕುಮಾರನ ಘಟಿಕೋತ್ಸವದ್ದು. ರಾವಸಾಬರು ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. (ಇಷ್ಟು ದಿನ "ಕೂತಿದ್ದ", "ನೋಡುತ್ತಿದ್ದ" ಎಂದು ಬರೆದಿದ್ದೇನೆ. ಹೊಡೆದುಹಾಕುವುದಿಲ್ಲ. ಇರಲಿ.) ಡೈರಿಯ ಆ ಪುಟ ಓದಿದೆ. ತಕರಾರು ಮಾಡಿದನು, ತಿಳಿಹೇಳಿ ಕಳಿಸಲಾಯಿತು, ಅದನ್ನೂ ಬಿಡದೆ. ಸರಪಳಿಯ ಕಥೆ ಹೇಳಿದೆ. ತಪ್ಪು ನನ್ನದು ಎಂದೆ.

ಅರುಣಕುಮಾರ ತಂದೆಯ ಮುಖ ನೋಡದೆ ಬಾಗಿಲ ಕಡೆ ನೋಡುತ್ತಿದ್ದ.

ರಾವಸಾಬರು ಹೇಳಿದರು. "ಸರಪಳಿ ಕಬ್ಬಿಣದ್ದು, ಹರೀತೈತಿ. ಅದಕ್ಕ ನನಗ ಸಿಟ್ಟಿಲ್ಲ. ಅವತ್ತಿನಿಂದ ಊರಾಗ ನನ್ನ ಹೆಸರು ಏನ ಗೊತ್ತೇನ್ರಿ? ಹೆಜ್ಜಿ ರಾವಸಾಬ. ಕಿರಾಣಿ ಅಂಗಡ್ಯಾಗ ಸಕ್ಕರಿ ಕಡಿಮಿ ತೂಗಿದ್ರೂ ಕೇಳಂಗಿಲ್ಲ. 'ಏನಪಾ, ಹೆಜ್ಜಿಲೆ ಅಳದೀ ಏನು' ಅಂತಿದ್ರು. ಸಾಲ್ಯಾಗ ಈ ನನ್ನ ಮಗನಿಗೂ ಅಂದ್ರು."

ಯಲ್ಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಇವರೂ ಒಂದಿನ ಅಂದ್ರು, ನನ್ನ ಕಾಲಽ ತಪ್ಪಿರಬೇಕು ಬಿಡು ಅಂತ. ಅದನ್ನ ಕೇಳಿ ನನಗ ಭಾಳ ಸಂಕಟ ಆಗಿತ್ತ್ರಿ."

ಆಮೇಲೆ ರಾವಸಾಬರು ಅಟ್ಟದ ಮೇಲಿಂದ ಒಂದು ಜಾಲಿ ಕೋಲು ತೆ​ಗೆಸಿದರು. ಹಿಡಿದು ಹಿಡಿದು ನುಣುಪಾಗಿದೆ. ಗ್ಯಾಂಗಿನಲ್ಲಿದ್ದಾಗ ರಸ್ತೆಗೆ ಮುರುಮು ಮಣ್ಣು ತೋಡಿದ ಗುಂಡಿಗಳನ್ನು ಅಳೆದುಕೊಳ್ಳಲು ತಮ್ಮ ಒಂದು ಹೆಜ್ಜೆಗೆ ಸರಿಯಾಗಿ ಕಡಿದುಕೊಂಡದ್ದಂತೆ. ಟೇಪು ಹಿಡಿದೆ. ಎರಡೂವರೆ ಅಡಿ. ಒಂದು ನೂಲು ಹೆಚ್ಚಿಲ್ಲ, ಕಡಿಮೆಯಿಲ್ಲ.

"ಈಗ ನನ್ನ ಹೆಜ್ಜಿ ಗಿಡ್ಡ ಆಗ್ಯಾವ. ಅವತ್ತಿನ ಹೆಜ್ಜಿ ಈ ಕೋಲಿನ್ಯಾಗ ಐತಿ. ಸಾಹೇಬ್ರ, ನನಗ ಕಾಗದ ಆಮ್ಯಾಲ ಕೊಡ್ರಿ. ನೀವು ನಕ್ಕಿದ್ದು ಊರ ಮುಂದ. ಹೇಳೂದೂ ಊರ ಮುಂದ ಹೇಳ್ರಿ."

"ಹೇಳ್ತೇನಿ," ಎಂದೆ. "ಅಷ್ಟ ಅಲ್ಲ. ಈ ಕೋಲಿನಿಂದನ ಅಳೀತೇನಿ. ಎಣಿಸೋರು ನೀವು."

ಆಗಸ್ಟ್ ಮೂರು, ಭಾನುವಾರ, ಎಂದು ಗೊತ್ತಾಯಿತು. ಹೊರಡುವಾಗ ಯಲ್ಲವ್ವನಿಗೆ ನೀರು ಕೇಳಿದೆ. ಕೊಟ್ಟಳು. ನಾನು ಕುಡಿಯುವುದನ್ನು ನೋಡುತ್ತ ನಿಂತಳು.


೨೬ ಜುಲೈ, ಶನಿವಾರ

ಸುದ್ದಿಗೆ ಕಾಲಿಲ್ಲ, ಆದರೂ ಓಡುತ್ತದೆ. ಮುದ್ದೇಬಿಹಾಳದವರು ಸದ್ಯಕ್ಕೆ ಬೇಡ ಎಂದರು. ಹಿಪ್ಪರಗಿಯ ಅಕ್ಕತಂಗಿಯರು ಬೇರೆಯವರಿಂದ ಮತ್ತೆ ಅಳೆಸುತ್ತಾರಂತೆ. ಪರಪ್ಪನ ಕೆಲಸ ಹೋದದ್ದು ಹೇಳಲೇಬೇಕಿಲ್ಲ. ಐದು ವಾರದಲ್ಲಿ ಕಟ್ಟಿದ ಕಸುಬು ಐದು ದಿನದಲ್ಲಿ ಮುಗಿಯಿತು. ಮುಗಿಯಲಿ. ಅಳೆಸಲಿ. ಹಿಪ್ಪರಗಿಯದು ಸರಿಯಾಗಿಯೇ ಇದೆ, ಅವರಿಗೂ ಗೊತ್ತಾಗಲಿ.

ಸ್ಟಾಂಪ್ ಪೇಪರ್ ಮೇಲೆ ಬರೆದೆ. ಸರಪಳಿ ಮುರಿದದ್ದು, ಪರೀಕ್ಷಿಸದೆ ಬಳಸಿದ್ದು, ಅರ್ಜಿದಾರರು ಸ್ಥಳದಲ್ಲೇ ಸರಿಯಾಗಿ ತಿಳಿಸಿದರೂ ಕೇಳದೆ ಹೋದದ್ದು. ಇದನ್ನು ಇಟ್ಟುಕೊಂಡು ಅರುಣಕುಮಾರ ಸರಕಾರಿ ಮೋಜಣಿಗೆ ಅರ್ಜಿ ಹಾಕುತ್ತಾನೆ. ಜಮೀನು ಬರಲು ವರ್ಷ ಹಿಡಿಯಬಹುದು, ಪರಪ್ಪ ಕೋರ್ಟಿಗೂ ಹೋಗಬಹುದು. ಎಷ್ಟು ಸಲ ಕರೆದರೂ ಹೋಗಿ ಸಾಕ್ಷಿ ಹೇಳುತ್ತೇನೆ. ಈಗ ನನಗೆ ಸಮಯಕ್ಕೇನು ಬರ?

ಆ ಸರಪಳಿ ನನ್ನ ಕೈಯಲ್ಲಿದ್ದದ್ದು ಹನ್ನೊಂದು ದಿನ. ಡೈರಿಯಲ್ಲಿ ಇನ್ನೂ ನಾಲ್ಕು ಹೊಲ ಸಿಕ್ಕವು. ಎರಡು ಸಿಂದಗಿ ಕಡೆ, ಒಂದು ಮುದ್ದೇಬಿಹಾಳ, ಒಂದು ಬಾಗೇವಾಡಿ. ನಾಲ್ವರಿಗೂ ರಿಜಿಸ್ಟರ್ ಪೋಸ್ಟ್ ಹಾಕಿದೆ. "ನಿಮ್ಮ ಹೊಲ ನಾನು ತಪ್ಪು ಅಳೆದಿರಬಹುದು. ಪುಕ್ಕಟೆ ಅಳೆದು ಕೊಡುತ್ತೇನೆ." ಇಬ್ರಾಹಿಂಸಾಬ ಓದಿಸಿ ಕೇಳಿದ.

"ರಿಟೈರ್ ಆಗಿ ಗಳಿಸಾಕ ಹೊಂಟಿದ್ವಿ. ಪುಕ್ಕಟೆ ದುಡಿಯೂ ಕಸಬು ಹುಡುಕಿದ್ರಲ್ಲ ಸಾಹೇಬ್ರ!"

"ನೀ ಬರಬ್ಯಾಡ. ಸಂತಿಗೆ ಹೋಗು, ಆಡ ಮಾರು."

"ಮಾನಪ್ಪನ ಕಡೆ ಸರಪಳಿ ಹೊತ್ತುಕೊಂಡು ಹೋಗಿದ್ದು ಯಾರು? ನಾನ. ಅವತ್ತು ನಿಮ್ಮ ಜೋಡಿ ಬಸ್ಸಿಗೆ ಓಡಿದ್ದು? ನಾನ." ಬೀಡಿ ಆರಿಸಿದ. "ನೀವು ಹೋದಲ್ಲೆಲ್ಲ 'ತಪ್ಪು ಅನ್ನಿಸಿಕೊಂಡಿಲ್ಲ' ಅಂತಿದ್ರಲ್ಲ, ಅದಕ್ಕ ನಾ ಕೆಮ್ಮತಿದ್ದೆ. ಕೊಂಡಿ ನೆನಪಿರಲಿಲ್ಲರಿ, ಖರೇ ಹೇಳ್ತೇನಿ. ಆದ್ರ ತಪ್ಪ ಮಾಡಲಾರದ ಮನಷ್ಯಾನ ನಾ ನೋಡಿಲ್ಲ."

ಮೂವತ್ತು ವರ್ಷದ ಜೊತೆ. ಇದನ್ನು ಮೊದಲೇ ಹೇಳಬಾರದಿತ್ತೇ?


೩ ಆಗಸ್ಟ್, ಭಾನುವಾರ. ಬೆಳಗ್ಗೆ ೬:೦೦

ವಿದ್ಯಾವತಿ ನಾಲ್ಕಕ್ಕೇ ಎದ್ದು ರೊಟ್ಟಿ ಬಡಿದಳು. ಶೇಂಗಾ ಹಿಂಡಿ, ಪುಂಡಿಪಲ್ಯ ಕಟ್ಟಿದಳು. ಹದಿನೈದು ದಿನದಿಂದ ಸರಿಯಾಗಿ ಮಾತಿರಲಿಲ್ಲ. ಬುತ್ತಿ ಕೈಗಿಟ್ಟು ಅಂದಳು: "ಹೇಳೂದು ಇದ್ರ ಗಟ್ಟಿ ಹೇಳ್ರಿ. ಗುಣುಗುಣು ಮಾಡಬ್ಯಾಡ್ರಿ. ಬೈಯೂ ಮುಂದ ಹೆಂಗ ಬೈತೀರಿ, ಹಂಗ."

ಟೇಪು ಒಯ್ಯುತ್ತಿಲ್ಲ. ಶಾಲು ಮಾತ್ರ ತೆಗೆದುಕೊಂಡಿದ್ದೇನೆ, ಮೊಣಕಾಲಿನ ಕೆಳಗೆ ಹಾಕಿಕೊಳ್ಳಲು.


ಅದೇ ದಿನ. ೧೧:೪೦. ಅಗರಖೇಡ, ಹೊಲದಲ್ಲೇ

ಬದುವಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸೊಂಟ ಹಿಡಿದಿದೆ. ಅಕ್ಷರ ಕಾಗೆ ಕಾಲಾಗಿದೆ.

ಅರ್ಧ ಊರು ಸೇರಿದೆ. ಮೊದಲು ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ. ಅವತ್ತು ಪರಪ್ಪನಿಗೆ ಕಳ್ಳ ಅಂದದ್ದು ಸುಳ್ಳು, ರಾವಸಾಬರ ಹೆಜ್ಜೆ ಖರೆ, ನನ್ನ ಸರಪಳಿ ಸುಳ್ಳು. ಹಿಂದಿನಿಂದ ಯಾರೋ ಕಿಸಕ್ಕೆಂದರು. ತಿರುಗಿ ನೋಡಿದೆ. "ನಗ್ರಿ. ಮೂವತ್ತೊಂದು ವರ್ಷ ತಪ್ಪು ಮನುಷ್ಯನಿಗೆ ನಕ್ಕೀರಿ. ಇವತ್ತು ಸರಿಯಾದ ಮನುಷ್ಯನಿಗೆ ನಗ್ರಿ." ಯಾರೂ ನಗಲಿಲ್ಲ.

ಮೂಲೆಗಲ್ಲಿನಿಂದ ಕೋಲು ಇಟ್ಟೆ. ಶಾಲಿನ ಮೇಲೆ ಮೊಣಕಾಲೂರಿ, ಒಂದೊಂದೇ ಕೋಲು ಮುಂದೆ. ಇಬ್ರಾಹಿಂಸಾಬ ದಾರ ನೇರ ಹಿಡಿದಿದ್ದ. ರಾವಸಾಬರು ಮಗನ ಹೆಗಲ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಡೆಯುತ್ತ ಎಣಿಸಿದರು. ಐವತ್ತರ ತನಕ ಮೆಲ್ಲಗೆ. ನೂರು ದಾಟಿದ ಮೇಲೆ ದನಿ ಏರಿತು. ಅಂಗಿ ತೊಯ್ದು ಕಣ್ಣಿಗೆ ಬೆವರು ಇಳಿಯುತ್ತಿತ್ತು. "ಸಾಕ ಬಿಡ್ರಿ ಸಾಹೇಬ್ರ, ನಾ ಹಿಡೀತೇನಿ" ಎಂದು ಅರುಣಕುಮಾರ ಬಂದ. ಕೊಡಲಿಲ್ಲ.

ನೂರಾ ಇಪ್ಪತ್ತೆಂಟಕ್ಕೆ ಕಲ್ಲು. ಕೋಲಿನ ತುದಿ ಸರಿಯಾಗಿ ಕಲ್ಲಿಗೇ ಹೋಗಿ ಮುಟ್ಟಿತು. ಜನರೆಲ್ಲ ಮುಂದೆ ಬಂದು ಬಗ್ಗಿ ನೋಡಿದರು. ಕಿರಾಣಿ ಅಂಗಡಿಯವನೂ ಇದ್ದ. "ನಾಕ ಕಡಿಮಿ ಖರೇನ ಐತಲ್ಲೋ" ಎಂದದ್ದು ಅವನೇ. ಯಲ್ಲವ್ವ ಬಗ್ಗಿ ಕಲ್ಲಿನ ಮೇಲೆ ಕೈಯಿಟ್ಟಳು.

ಕಲ್ಲಿನಾಚೆ ಪರಪ್ಪನ ತೊಗರಿ, ಗೇಣುದ್ದ. ಪರಪ್ಪ ಸಾಲಿನ ತುದಿಯಲ್ಲಿ ಕೈಕಟ್ಟಿ ನಿಂತಿದ್ದಾನೆ. "ಕಲ್ಲ ತನಾ ನಿಮ್ಮ ಆಟ. ಆಚಿಗೆ ನನ್ನ ಬೆಳಿ. ಕಾಲ ಇಡಬ್ಯಾಡ್ರಿ," ಎಂದ. ಮುಖದಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು. ನೆಲ ನೋಡುತ್ತ ಹೇಳಿದ.

"ತೊಗರಿ ಸಾಲಿನ ನಡುವ ಇಡ್ತೇನಿ ಪರಪ್ಪ. ಒಂದು ಎಲಿ ಮುರಿದ್ರ ದಂಡ ಹಾಕು. ಆದ್ರ ಇಡ್ತೇನಿ," ಎಂದೆ. ಉಸಿರು ತಿರುಗಲಿ ಎಂದು ಎರಡು ನಿಮಿಷ ಕೂತೆ.

ಈಗ ಪರಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಬರೀ ಒಂದು. ಇನ್ನೂ ನಿಂತೇ ಇದ್ದಾನೆ.

ರಾವಸಾಬರು ಕರೆಯುತ್ತಿದ್ದಾರೆ. "ಏಳ್ರಿ ಸಾಹೇಬ್ರ. ಬರಕೊಳ್ಳೂದು ಭಾಳ ಆತು. ಅವತ್ತೂ ಬರಕೊಂಡ ಹೋಗಿದ್ರಿ. ಕೋಲ ಇಡ್ರಿ."

ಮಗನ ಹೆಗಲು ಬಿಟ್ಟಿದ್ದಾರೆ. ತಾವೇ ಕಲ್ಲು ದಾಟುತ್ತಿದ್ದಾರೆ. ಕೋಲು ನನ್ನ ಕೈಯಲ್ಲಿದೆ, ಅವರು ಕಾಯುತ್ತಿಲ್ಲ, ಎಣಿಸುತ್ತಿದ್ದಾರೆ — ನೂರಾ ಇಪ್ಪತ್ತೊಂಬತ್ತು —